ಸೋಸಿದ ನೀರು ಮತ್ತು ಕಾಣದ ಜೀವ

ನೀರಿನಲ್ಲಿ ತೇಲಿಕೊಂಡೇ ಬದುಕುವ, ಹರಿವಿಗೆ ಎದುರಾಗಿ ಈಜುವಷ್ಟು ಕಸುವಿಲ್ಲದ ಪುಟ್ಟ ಪ್ರಾಣಿಗಳನ್ನು ಒಟ್ಟಾಗಿ ಪ್ರಾಣಿಪ್ಲವಕ ಎನ್ನುತ್ತಾರೆ. ಒಂದೇ ಜೀವಕೋಶದ ಪ್ರೋಟೊಜೋವಗಳು, ತಲೆಯ ಮೇಲಿನ ರೋಮಗಳನ್ನು ಆಡಿಸಿ ಆಹಾರ ಸೆಳೆದುಕೊಳ್ಳುವ ರೋಟಿಫರ್‌ಗಳು, ಕುಪ್ಪಳಿಸುತ್ತ ಸಾಗುವ ನೀರುಚಿಗಟಗಳು, ಸೈಕ್ಲಾಪ್ಸ್ ಮುಂತಾದ ಕೋಪಿಪಾಡ್‌ಗಳು, ಎರಡು ಚಿಪ್ಪುಗಳ ನಡುವೆ ಅಡಗಿರುವ ಆಸ್ಟ್ರಕಾಡ್‌ಗಳು ಸಿಹಿನೀರಿನ ಮುಖ್ಯ ಪಂಗಡಗಳು. ರೋಟಿಫರ್‌ಗಳಲ್ಲಿ ಹೆಚ್ಚಿನವು ಅರ್ಧ ಮಿಲಿಮೀಟರಿಗಿಂತ ಚಿಕ್ಕವು. ಸೈಕ್ಲಾಪ್ಸ್ ಒಂದು ಮಿಲಿಮೀಟರಿನ ಆಸುಪಾಸು. ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ದೊಡ್ಡವು ಚಲಿಸುವ ಚುಕ್ಕೆಗಳಾಗಿ ಕಾಣುತ್ತವೆ, ಉಳಿದವು ಕಣ್ಣಿಗೆ ಬೀಳುವುದೇ ಇಲ್ಲ. ಈ ಕಾಣದ ಜೀವಗಳ ವಿಷಯದಲ್ಲಿ ನೀರು ಕುಡಿಯುವ ಮನುಷ್ಯನಿಗೆ ಏನಾದರೂ ಹೊಣೆ ಇದೆಯೇ? ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಎರಡು ಸಾವಿರ ವರ್ಷ ಮೊದಲೇ ಭಾರತದ ಧರ್ಮಗಳು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದವು.

ಪ್ರಶ್ನೆಯನ್ನು ಗ್ರಂಥಗಳಿಂದಾಚೆ ತಂದು ನೋಡಲು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ ತಕ್ಕ ನೆಲ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಉಪ್ಪುಮಿಶ್ರಿತ ನೀರಿನ ಡೋಣಿ. ಹೊಳೆ ಮೂರಿದ್ದರೂ ನಾಡು ಬರದ್ದೇ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚುವಂಥದ್ದಲ್ಲ. 1791–92ರ ಕ್ಷಾಮಕ್ಕೆ ಡೋಗಿ ಬರ ಎಂಬ ಹೆಸರು ಬಂದದ್ದು ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ. ಎರೆಭೂಮಿಯ ಹಳ್ಳಿಗಳಲ್ಲಿ ಎಷ್ಟೋ ಕೆರೆಗಳು ಮಳೆ ಚೆನ್ನಾಗಿ ಆದ ವರ್ಷ ದಸರೆಗೆ ತುಂಬಿ, ಯುಗಾದಿ ಕಳೆಯುವಷ್ಟರಲ್ಲಿ ತಳ ಕಾಣಿಸಿ ಬಿರುಕು ಬಿಡುತ್ತವೆ. ಇಂಥ ನೆಲಕ್ಕೆ ಕಳೆದ ಅರ್ಧ ಶತಮಾನದಲ್ಲಿ ದೊಡ್ಡ ನೀರು ಬಂತು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಅದರಲ್ಲಿ ನಿಲ್ಲುವ ನೀರು 123 ಟಿಎಂಸಿ. ಕೂಡಲಸಂಗಮದಲ್ಲಿ ಬಸವಸಾಗರದ ಹಿನ್ನೀರು ಏರಿದ್ದರಿಂದ ಬಸವಣ್ಣನವರ ಐಕ್ಯಮಂಟಪವನ್ನು ಬಾವಿಯಂಥ ಕಟ್ಟಡದೊಳಗೆ ಉಳಿಸಿಕೊಳ್ಳಬೇಕಾಯಿತು. ಹೀಗೆ ಒಂದೇ ಸೀಮೆಯಲ್ಲಿ ಬತ್ತುವ ಕೆರೆ, ಉಪ್ಪುಹೊಳೆ, ಮೆಟ್ಟಿಲು ಬಾವಿ, ಸಮುದ್ರದಂಥ ಹಿನ್ನೀರು, ಕಾಲುವೆ, ಕೃಷಿಹೊಂಡ ಎಲ್ಲವೂ ಇವೆ. ಪ್ರತಿಯೊಂದರ ಜೀವಸಂಸಾರವೂ ಬೇರೆ.

ಮಳೆಗಾಲದಲ್ಲಿ ಹಳ್ಳಗಳು ಎರೆಮಣ್ಣನ್ನು ಹೊತ್ತು ತರುತ್ತವೆ. ಕದಡಿದ ನೀರಿನೊಳಗೆ ಬಿಸಿಲು ಇಳಿಯುವುದಿಲ್ಲ, ಪಾಚಿ ಬೆಳೆಯುವುದಿಲ್ಲ. ನೀರುಚಿಗಟ ನೀರನ್ನೇ ಜರಡಿ ಹಿಡಿದು ಉಣ್ಣುವ ಪ್ರಾಣಿಯಾದ್ದರಿಂದ ಜೇಡಿಯ ಕಣಗಳು ಅದರ ಹೊಟ್ಟೆ ತುಂಬುತ್ತವೆ, ಹಸಿವು ಹಿಂಗುವುದಿಲ್ಲ. ಬೇಕಾದುದನ್ನು ಆರಿಸಿ ತಿನ್ನಬಲ್ಲ ರೋಟಿಫರ್‌ಗಳಿಗೆ ಆಗ ಅನುಕೂಲ. ಹಿಂಗಾರು ಮುಗಿದು ಮಣ್ಣು ತಳಕ್ಕಿಳಿದು ನೀರು ತಿಳಿಯಾದ ಮೇಲೆ ಪಾಚಿ ಹೆಚ್ಚುತ್ತದೆ, ಅದನ್ನು ಹಿಂಬಾಲಿಸಿ ನೀರುಚಿಗಟ, ಕೋಪಿಪಾಡ್‌ಗಳು ಹೆಚ್ಚುತ್ತವೆ. ಹರಿಯುವ ಹೊಳೆಯಲ್ಲಿ ಒಂದೆರಡು ದಿನದಲ್ಲೇ ಬೆಳೆದು ಮೊಟ್ಟೆಯಿಡುವ ರೋಟಿಫರ್ ಮೇಲುಗೈ ಪಡೆದರೆ, ನಿಂತ ಹಿನ್ನೀರಿನಲ್ಲಿ ನಿಧಾನವಾಗಿ ಬೆಳೆಯುವ ಕೋಪಿಪಾಡ್‌ಗೂ ಕಾಲಾವಕಾಶ ಸಿಗುತ್ತದೆ. ಉಪ್ಪು ಏರಿದಲ್ಲಿ ಜಾತಿಗಳ ಸಂಖ್ಯೆ ಇಳಿಯುತ್ತದೆ. ಉಪ್ಪು ತಾಳಬಲ್ಲ ಕೆಲವೇ ಜಾತಿಗಳು ದಟ್ಟವಾಗಿ ಬೆಳೆಯುತ್ತವೆ. ಬೇಸಗೆಯಲ್ಲಿ ನೀರು ಕುಗ್ಗಿ ದನಕರುಗಳು ಇಳಿದು ಗೊಬ್ಬರ ಬೆರೆತಾಗ ಬ್ರಾಕಿಯೋನಸ್ ಎಂಬ ರೋಟಿಫರ್ ಕುಲ ಹೆಚ್ಚುತ್ತದೆ. ಕೆರೆಗೆ ಕೊಳೆ ಸೇರುತ್ತಿದೆಯೇ ಎಂದು ತಿಳಿಯಲು ಜೀವವಿಜ್ಞಾನಿಗಳು ಇದನ್ನೂ ಹುಡುಕುತ್ತಾರೆ.

ಇವುಗಳ ಕೆಲಸ ಇಷ್ಟು: ಪಾಚಿಯನ್ನು ತಿನ್ನುವುದು, ತಾವು ಮೀನಿಗೆ ಆಹಾರವಾಗುವುದು. ಹಿನ್ನೀರಿನ ಕಾಟ್ಲಾ ಮೀನು ಬಹುಪಾಲು ಪ್ರಾಣಿಪ್ಲವಕ ತಿಂದೇ ಬೆಳೆಯುವಂಥದ್ದು. ಹೆಚ್ಚುಕಡಿಮೆ ಎಲ್ಲ ಮೀನುಗಳ ಮರಿಗಳೂ ಮೊದಲ ದಿನಗಳಲ್ಲಿ ಇವನ್ನೇ ನುಂಗುತ್ತವೆ. ಬೆಚ್ಚಗಿನ ನೀರಿನಲ್ಲಿ ನೀರುಚಿಗಟವೊಂದು ಎರಡು–ಮೂರು ದಿನಕ್ಕೊಮ್ಮೆ ಮರಿ ಹಾಕುತ್ತದೆ, ಮರಿಗಳು ವಾರದೊಳಗೆ ತಾಯಿಯಾಗುತ್ತವೆ. ಹಾಗಿದ್ದೂ ಕೆರೆ ನೀರುಚಿಗಟಗಳಿಂದ ಗಟ್ಟಿಯಾಗುವುದಿಲ್ಲ ಎಂದರೆ ಹುಟ್ಟಿದವುಗಳಲ್ಲಿ ಬಹುತೇಕ ಎಲ್ಲವೂ ಬೆಳೆಯುವ ಮೊದಲೇ ಸಾಯುತ್ತವೆ ಎಂದರ್ಥ. ಈ ಸಾವು ನೀರಿನ ರೋಗವಲ್ಲ, ನೀರು ಜೀವಂತವಾಗಿರುವ ರೀತಿ. ಅಹಿಂಸೆಯನ್ನು ಒಂದೊಂದು ಜೀವದ ಲೆಕ್ಕದಲ್ಲಿ ಯೋಚಿಸುವವರಿಗೆ ತೊಡಕು ಇಲ್ಲಿಂದಲೇ ಶುರು.

ಭೀಮೆ ಪಂಢರಪುರವನ್ನು ದಾಟಿ ಕೆಳಗಿಳಿದು ಇಂಡಿ, ಸಿಂದಗಿಯ ಉತ್ತರದ ಅಂಚಿಗೆ ಬರುತ್ತದೆ. ಆ ಪಂಢರಪುರದಲ್ಲಿ 13–14ನೆಯ ಶತಮಾನದಲ್ಲಿ ಬಾಳಿದ ಸಂತ ನಾಮದೇವರ ಒಂದು ಪದ ಸಿಖ್ಖರ ಗುರುಗ್ರಂಥ ಸಾಹಿಬದಲ್ಲಿ ಸೇರಿದೆ. ದೇವರ ಸ್ನಾನಕ್ಕೆಂದು ಕೊಡ ತುಂಬಿ ತಂದ ನೀರಿನಲ್ಲಿ ನಲವತ್ತೆರಡು ಲಕ್ಷ ಜೀವಗಳಿವೆ, ಅವುಗಳಲ್ಲೆಲ್ಲ ವಿಠ್ಠಲನೇ ಇರುವಾಗ ಮೀಸಲು ನೀರೆಂಬುದು ಎಲ್ಲಿಂದ ಬರಬೇಕು ಎಂಬುದು ಅದರ ತಾತ್ಪರ್ಯ. ನಾಮದೇವರು ಜೀವಗಳನ್ನು ಎಣಿಸಿದವರಲ್ಲ. ಸಂಖ್ಯೆ ಪರಂಪರೆಯಿಂದ ಬಂದದ್ದು. ಆದರೆ ಅವರ ತರ್ಕ ಗಟ್ಟಿ. ಯಾರೂ ಇಲ್ಲದ ನೀರು ಎಂಬುದು ಇಲ್ಲ. ಹೊಳೆಯ ನೀರಿನಲ್ಲಿ ಮೊದಲೇ ನೆಲೆಸಿದವರು ಇದ್ದಾರೆ. ಮಡಿಯ ಕಲ್ಪನೆ ನಿಂತಿರುವುದು ಮುಟ್ಟದ ನೀರಿನ ಮೇಲಾದರೆ ಅಂಥ ನೀರು ಲೋಕದಲ್ಲೇ ಸಿಗದು. ಇಂದಿಗೂ ಈ ತಾಲೂಕುಗಳಿಂದ ಆಷಾಢದಲ್ಲಿ ಪಂಢರಪುರಕ್ಕೆ ನಡೆದುಹೋಗುವವರಿದ್ದಾರೆ; ಚಂದ್ರಭಾಗೆ ಎಂದು ಅವರು ಮುಳುಗು ಹಾಕುವ ಹೊಳೆ ಅವರ ಊರಿನ ಭೀಮೆಯೇ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬೇರೊಂದು ದಾರಿಯಲ್ಲಿ ಇದೇ ಮಡಿಯನ್ನು ಪ್ರಶ್ನಿಸಿದರು. ನೀರು ಕಂಡಲ್ಲಿ ಮುಳುಗುವ, ಮರ ಕಂಡಲ್ಲಿ ಸುತ್ತುವ ಭಕ್ತಿಯನ್ನು ಅವರು ಟೀಕಿಸಿದ್ದು ಎಲ್ಲರಿಗೂ ಗೊತ್ತು. ಬತ್ತಿಹೋಗುವುದನ್ನು ನೆಚ್ಚಿದವನಿಗೆ ನಿತ್ಯವಾದದ್ದು ತಿಳಿಯದು ಎಂಬುದು ಅವರ ವಾದ. ಪ್ರತಿ ಬೇಸಗೆಯಲ್ಲೂ ಕೆರೆ ಬತ್ತುವುದನ್ನು ಕಂಡ ನೆಲದಲ್ಲಿ ಹುಟ್ಟಿದವರ ಮಾತು ಅದು ಎಂಬುದನ್ನು ಮರೆಯಬಾರದು. ಅದೇ ಬಸವಣ್ಣನವರು ಸಕಲ ಪ್ರಾಣಿಗಳ ಮೇಲಿನ ದಯೆಯನ್ನು ಧರ್ಮದ ಬುಡದಲ್ಲಿಟ್ಟರು. ಎರಡನ್ನೂ ಜೊತೆಗಿಟ್ಟು ಓದಿದರೆ ನೀರು ಪೂಜೆಯ ವಸ್ತುವಲ್ಲ, ದಯೆಯ ವಿಷಯ ಎಂಬ ಅರ್ಥ ಹೊರಡುತ್ತದೆ. ಪ್ಲವಕದ ಮಟ್ಟಿಗೆ ಇದಕ್ಕಿಂತ ಸರಿಯಾದ ನಿಲುವು ಹುಡುಕುವುದು ಕಷ್ಟ.

ಬತ್ತಿದ ಕೆರೆ ಸತ್ತ ಕೆರೆಯಲ್ಲ ಎಂಬುದು ಮಾತ್ರ ವಿಜ್ಞಾನ ಮುಂದೆ ಸೇರಿಸಿದ ಸಂಗತಿ. ನೀರು ಕುಗ್ಗುವ ಸೂಚನೆ ಸಿಕ್ಕಾಗ, ಅಂದರೆ ಸಂದಣಿ ಹೆಚ್ಚಿ, ಆಹಾರ ಇಳಿದು, ಹಗಲಿನ ಉದ್ದ ಬದಲಾದಾಗ, ಅಲ್ಲಿಯವರೆಗೆ ಗಂಡಿಲ್ಲದೆಯೇ ಮರಿ ಹಾಕುತ್ತಿದ್ದ ನೀರುಚಿಗಟಗಳು ಗಂಡುಗಳನ್ನೂ ಹೆರುತ್ತವೆ, ಕೂಡುತ್ತವೆ, ದಪ್ಪ ಕವಚದ ಸುಪ್ತ ಮೊಟ್ಟೆಗಳನ್ನಿಟ್ಟು ಸಾಯುತ್ತವೆ. ರೋಟಿಫರ್‌ಗಳಲ್ಲಿ, ಕೆಲವು ಕೋಪಿಪಾಡ್‌ಗಳಲ್ಲಿಯೂ ಇಂಥ ಮೊಟ್ಟೆಗಳುಂಟು. ಒಣಗಿದ ಹೂಳಿನಲ್ಲಿ ಇವು ವರ್ಷಗಟ್ಟಲೆ ಕಾಯುತ್ತವೆ, ಮುಂದಿನ ಮಳೆಗೆ ಒಂದು ಪಾಲು ಒಡೆಯುತ್ತದೆ. ಎಲ್ಲವೂ ಒಮ್ಮೆಲೇ ಒಡೆಯುವುದಿಲ್ಲ, ಮಳೆ ಮೋಸ ಮಾಡಿದರೆ ವಂಶ ಉಳಿಯಲಿ ಎಂಬಂತೆ ಒಂದಷ್ಟು ಮತ್ತೂ ಕಾಯುತ್ತವೆ. ಅಮೆರಿಕದ ಕೆರೆಯೊಂದರ ಹೂಳಿನಿಂದ ತೆಗೆದ, 300 ವರ್ಷಕ್ಕೂ ಹಳೆಯದಾದ ಕೋಪಿಪಾಡ್ ಮೊಟ್ಟೆಗಳು ಮರಿಯಾದದ್ದನ್ನು 1995ರಲ್ಲಿ ವರದಿ ಮಾಡಲಾಯಿತು. ಸೈಬೀರಿಯದ ಹಿಮನೆಲದಲ್ಲಿ ಸುಮಾರು 24,000 ವರ್ಷ ಹುದುಗಿದ್ದ ರೋಟಿಫರ್‌ಗಳು ಮತ್ತೆ ಚಲಿಸಿ ಮರಿ ಮಾಡಿದ್ದು 2021ರ ಸುದ್ದಿ.

ನೀರಿನ ಜೀವಗಳ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆಕೆಡಿಸಿಕೊಂಡವರು ಜೈನರು. ನೀರೇ ಶರೀರವಾಗಿರುವ ಅಪ್ಕಾಯ ಜೀವಗಳು ಒಂದು ಬಗೆ. ನೀರಿನಲ್ಲಿ ಓಡಾಡುವ ತ್ರಸ ಜೀವಗಳು ಇನ್ನೊಂದು ಬಗೆ. ಮೊದಲನೆಯದನ್ನು ಉಳಿಸಿ ನೀರು ಕುಡಿಯಲು ಯಾರಿಂದಲೂ ಆಗದು. ಎರಡನೆಯದನ್ನು ಉಳಿಸಬಹುದು, ಅದಕ್ಕೆ ಸೋಸುವಿಕೆ. 13ನೆಯ ಶತಮಾನದ ಪಂಡಿತ ಆಶಾಧರ ತನ್ನ ಸಾಗಾರಧರ್ಮಾಮೃತದಲ್ಲಿ ನೀರು ಸೋಸುವುದನ್ನು ಗೃಹಸ್ಥನ ಮೂಲಗುಣಗಳ ಒಂದು ಪಟ್ಟಿಯಲ್ಲೇ ಇಟ್ಟಿದ್ದಾನೆ. ಅರಿವೆ 36 ಅಂಗುಲ ಉದ್ದ, 24 ಅಂಗುಲ ಅಗಲ ಇರಬೇಕು, ಎರಡು ಮಡಿಕೆ ಹಾಕಬೇಕು, ಬಿಸಿಲು ತೂರದಷ್ಟು ದಟ್ಟವಾಗಿರಬೇಕು ಎಂಬಂಥ ಕಟ್ಟುಪಾಡುಗಳಿವೆ. ಸೋಸಿದ ನೀರಿಗೆ ಎರಡು ಘಳಿಗೆ, ಅಂದರೆ 48 ನಿಮಿಷದ ಅವಧಿ. ಆಮೇಲೆ ಮತ್ತೆ ಸೋಸಬೇಕು.

ಇಷ್ಟಕ್ಕೆ ನಿಂತಿದ್ದರೆ ಇದು ಶುಚಿಯ ನಿಯಮವೆನಿಸುತ್ತಿತ್ತು. ಮುಂದಿನ ಹೆಜ್ಜೆಯೇ ಮುಖ್ಯ. ಅರಿವೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಯಾವ ಬಾವಿಯಿಂದ ತಂದರೋ ಅದೇ ಬಾವಿಗೆ ಬಿಡಬೇಕು. ಇದಕ್ಕೆ ಜೀವಾನಿ ಎಂದು ಹೆಸರು. ಮೇಲಿನಿಂದ ಸುರಿಯುವಂತಿಲ್ಲ, ಬಿದ್ದ ಪೆಟ್ಟಿಗೆ ಸಾಯುತ್ತವೆ. ತಳದಲ್ಲಿ ಕೊಂಡಿಯಿರುವ ಪಾತ್ರೆಯನ್ನು ಹಗ್ಗದಿಂದ ಇಳಿಸಿ ನೀರಿನ ಮಟ್ಟದಲ್ಲೇ ಮಗುಚಬೇಕು. ಬೇರೆ ಬಾವಿಗೆ ಬಿಟ್ಟರೂ ದೋಷವೇ. ಒಂದು ಪ್ರಾಣಿ ಬದುಕುವುದು ತನ್ನ ನೀರಿನಲ್ಲಿ ಮಾತ್ರ, ಉಪ್ಪು–ಸಿಹಿ ಬದಲಾದರೆ ಅದು ಉಳಿಯದು ಎಂಬ ತಿಳಿವಳಿಕೆ ಇದರ ಹಿಂದಿದೆ. ಡೋಣಿಯ ದಡದ ಸವುಳು ಬಾವಿಗೂ ಕೃಷ್ಣೆಯ ದಡದ ಸಿಹಿಬಾವಿಗೂ ಇರುವ ಅಂತರ ಬಲ್ಲವರಿಗೆ ಇದರ ಜಾಣ್ಮೆ ತಿಳಿದೀತು. ಜೀವವನ್ನು ಉಳಿಸುವುದೆಂದರೆ ಅದರ ನೆಲೆಯನ್ನು ಉಳಿಸುವುದು ಎಂಬ ಪರಿಸರವಿಜ್ಞಾನದ ಮೊದಲ ಪಾಠ ಒಂದು ಮನೆವಾರ್ತೆಯ ನಿಯಮದಲ್ಲಿ ಅಡಗಿ ಕುಳಿತಿದೆ. ಜೀವವಿಜ್ಞಾನಿಯ ಕೈಯಲ್ಲೂ ಇರುವುದು ಅರಿವೆಯೇ, ಸುಮಾರು 60 ಮೈಕ್ರಾನ್ ಕಣ್ಣಿನ ಬಲೆ. ಅವನು ಹಿಡಿದದ್ದನ್ನು ಫಾರ್ಮಲಿನ್‌ಗೆ ಹಾಕುತ್ತಾನೆ ಎಂಬಷ್ಟೇ ವ್ಯತ್ಯಾಸ.

ಜೈನ ವಿವರಣೆಯಲ್ಲಿ ಇಂದು ನಿಲ್ಲದ ಭಾಗಗಳೂ ಇವೆ. 48 ನಿಮಿಷದಲ್ಲಿ ಸೋಸಿದ ನೀರಿನಲ್ಲಿ ಹೊಸ ತ್ರಸ ಜೀವಗಳು ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆಯನ್ನು 19ನೆಯ ಶತಮಾನದ ಪಾಶ್ಚರನ ಪ್ರಯೋಗಗಳ ನಂತರ ಒಪ್ಪುವಂತಿಲ್ಲ. ಅರಿವೆಯ ಕಣ್ಣು ದಾಟಿದ ಮೊಟ್ಟೆ–ಮರಿಗಳು ಬೆಳೆಯುತ್ತವೆ ಎಂದರೆ ಸರಿಯಾದೀತು. ಕಾದಾರಿದ ನೀರನ್ನೇ ಮುನಿಗಳು ಸ್ವೀಕರಿಸುವುದು ಹೊರಗಿನವರಿಗೆ ಇನ್ನೂ ವಿಚಿತ್ರ: ಕುದಿಸಿದರೆ ಎಲ್ಲ ಜೀವಗಳೂ ಸಾಯುವುದಿಲ್ಲವೇ? ಅದಕ್ಕೆ ಕೊಡುವ ಸಮಾಧಾನ ಕುತೂಹಲದ್ದು. ಹಸಿನೀರಿನಲ್ಲಿ ಹುಟ್ಟು–ಸಾವು ನಿಲ್ಲದೆ ನಡೆದಿರುತ್ತದೆ. ಕುದಿಸಿದಾಗ ಒಮ್ಮೆ ಹಿಂಸೆಯಾದರೂ ಆ ಸರಣಿ ಕೆಲ ಕಾಲ ನಿಲ್ಲುತ್ತದೆ. ಇದು ಒಂದು ಜೀವದ ಲೆಕ್ಕವಲ್ಲ, ಸಂತತಿಯ ಲೆಕ್ಕ. ಒಪ್ಪಲಿ ಬಿಡಲಿ, ಪ್ಲವಕದ ಏರಿಳಿತ ಅಳೆಯುವ ವಿಜ್ಞಾನಿಯೂ ಲೆಕ್ಕ ಹಾಕುವುದು ಸಂತತಿಯನ್ನೇ.

ಒಂದು ಹನಿ ನೀರಿನಲ್ಲಿ 36,450 ಜೀವಿಗಳನ್ನು ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕಂಡನೆಂಬ ಮಾತು ಎಷ್ಟೋ ಜೈನ ಕಿರುಹೊತ್ತಗೆಗಳಲ್ಲಿ ಬರುತ್ತದೆ. ವಿಲಿಯಂ ಸ್ಕೋರ್ಸ್‌ಬಿ 1820ರಲ್ಲಿ ಉತ್ತರಧ್ರುವದ ಸಮುದ್ರಗಳ ಮೇಲೆ ಗ್ರಂಥ ಬರೆದ ತಿಮಿಂಗಿಲ ಬೇಟೆಗಾರ. ಧರ್ಮಗ್ರಂಥದ ಮಾತಿಗೆ ಅವನ ಸಾಕ್ಷಿಯನ್ನು ಏಕೆ ಹುಡುಕಬೇಕಾಯಿತೋ! ಪ್ರಾಣಿಪ್ಲವಕದ ಮಟ್ಟಿಗೆ ಆ ಸಂಖ್ಯೆ ಎರೆನಾಡಿನ ಕೆರೆಗಳಿಗೆ ಹೊಂದುವುದಿಲ್ಲ. ಫಲವತ್ತಾದ ಕೆರೆಯಲ್ಲೂ ಲೀಟರಿಗೆ ನೂರಾರು, ಹೆಚ್ಚೆಂದರೆ ಕೆಲವು ಸಾವಿರ ರೋಟಿಫರ್, ನೀರುಚಿಗಟಗಳು ಸಿಕ್ಕಾವು. ಲೀಟರಿಗೆ ಸುಮಾರು 20,000 ಹನಿ ಎಂದರೆ ಬಹಳಷ್ಟು ಹನಿಗಳಲ್ಲಿ ಒಂದೂ ಇರುವುದಿಲ್ಲ. ಬ್ಯಾಕ್ಟೀರಿಯಗಳನ್ನು ಎಣಿಸಿದರೆ ಮಾತು ಬೇರೆ. ಕೆರೆಯ ನೀರಿನಲ್ಲಿ ಮಿಲಿಲೀಟರಿಗೆ ಹತ್ತು ಲಕ್ಷದ ಆಸುಪಾಸು ಇರುತ್ತವೆ, ಹನಿಗೆ 50,000 ಆಯಿತು. ಅವು ಯಾವ ಅರಿವೆಗೂ ಸಿಗುವುದಿಲ್ಲ.

ಎಲ್ಲಿಯವರೆಗೆ ನೋಡಬೇಕು ಎಂಬ ಈ ತೊಡಕನ್ನು ಬೌದ್ಧರು ಎದುರಿಸಿದ ರೀತಿ ಸರಳ. ಭಿಕ್ಷುವಿನ ಎಂಟು ಪರಿಕರಗಳಲ್ಲಿ ನೀರು ಸೋಸುವ ಅರಿವೆಯೂ ಒಂದು. ಜೀವಿಗಳಿವೆಯೆಂದು ತಿಳಿದೂ ಆ ನೀರನ್ನು ಬಳಸಿದರೆ, ಹುಲ್ಲು–ಮಣ್ಣಿನ ಮೇಲೆ ಸುರಿದರೆ ವಿನಯದ, ಅಂದರೆ ಸಂಘದ ನಿಯಮಗಳ, ಪ್ರಕಾರ ತಪ್ಪು. ‘ತಿಳಿದು’ ಎಂಬುದಕ್ಕೇ ಅಲ್ಲಿ ತೂಕ. 7ನೆಯ ಶತಮಾನದಲ್ಲಿ ಭಾರತದಲ್ಲಿ ಸುತ್ತಾಡಿದ ಚೀನಿ ಯಾತ್ರಿಕ ಇತ್ಸಿಂಗ್, ಮುಂಜಾನೆ ನೀರನ್ನು ಪರೀಕ್ಷಿಸಿ ಸೋಸುವ, ಸಿಕ್ಕ ಹುಳುಗಳನ್ನು ಮರಳಿ ನೀರಿಗೆ ಬಿಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚೀನಿ ಭಾಷೆಯಲ್ಲಿ ಉಳಿದಿರುವ ವಿನಯ ಸಾಹಿತ್ಯದಲ್ಲಿ ಒಂದು ಪ್ರಸಂಗವಿದೆ. ದಿವ್ಯದೃಷ್ಟಿಯುಳ್ಳ ಶಿಷ್ಯನಿಗೆ ಎಷ್ಟು ಸೋಸಿದರೂ ನೀರಿನ ತುಂಬ ಜೀವಗಳೇ ಕಾಣುತ್ತವೆ, ಅವನು ಕುಡಿಯುವುದನ್ನೇ ಬಿಡುತ್ತಾನೆ. ನೀರನ್ನು ದಿವ್ಯದೃಷ್ಟಿಯಿಂದ ನೋಡಬೇಡ, ಸಹಜ ಕಣ್ಣಿಗೆ ಕಂಡಷ್ಟಕ್ಕೆ ಹೊಣೆ ಎಂದು ಬುದ್ಧ ಹೇಳುತ್ತಾನೆ. ಸೂಕ್ಷ್ಮದರ್ಶಕ ಎಲ್ಲರಿಗೂ ಆ ದಿವ್ಯದೃಷ್ಟಿ ಕೊಟ್ಟ ಕಾಲದಲ್ಲಿ ಈ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಕಂಡ ಮೇಲೆ ಕಾಣಲಿಲ್ಲ ಎನ್ನುವಂತಿಲ್ಲ.

ಮಹಾಭಾರತ ಇನ್ನೂ ಖಾರವಾಗಿ ಮಾತಾಡುತ್ತದೆ. ಶಾಂತಿಪರ್ವದಲ್ಲಿ ಯುದ್ಧದ ಪಾಪಕ್ಕೆ ಹೇಸಿ ಕಾಡಿಗೆ ಹೊರಟ ಧರ್ಮರಾಯನಿಗೆ ಅರ್ಜುನ ಹೇಳುವುದು ಇದು: ನೀರಿನಲ್ಲಿ, ನೆಲದಲ್ಲಿ, ಹಣ್ಣುಗಳಲ್ಲಿ ಜೀವಗಳು ತುಂಬಿವೆ, ತರ್ಕದಿಂದ ಮಾತ್ರ ತಿಳಿಯುವಷ್ಟು ಸಣ್ಣವೂ ಇವೆ, ರೆಪ್ಪೆ ಬಡಿದರೂ ಸಾಯುತ್ತವೆ, ಕೊಲ್ಲದೆ ಬದುಕುವವನು ಯಾರಿದ್ದಾನೆ? ಅರಣ್ಯಪರ್ವದ ಧರ್ಮವ್ಯಾಧ ಕೌಶಿಕನಿಗೆ ಹೇಳುವುದರಲ್ಲೂ ಇದೇ ಎಳೆ ಇದೆ, ಉಳುವವನ ನೇಗಿಲಿನಲ್ಲೂ ಹಿಂಸೆಯಿದೆ ಎನ್ನುತ್ತಾನೆ ಅವನು. ವಸ್ತುಸ್ಥಿತಿಯಾಗಿ ಎರಡೂ ಸರಿ. ಆದರೆ ಅರ್ಜುನ ಅದನ್ನು ಬಳಸುವುದು ರಾಜದಂಡವನ್ನು ಸಮರ್ಥಿಸಲು. ಕೊಲ್ಲದೆ ಬದುಕಲಾಗದು ಎಂಬುದರಿಂದ ಹೇಗೆ ಕೊಂದರೂ ನಡೆದೀತು ಎಂಬ ತೀರ್ಮಾನಕ್ಕೆ ಜಾರುವುದು ಸುಲಭ. ವ್ಯಾಧ ಹಾಗೆ ಜಾರುವುದಿಲ್ಲ. ತಪ್ಪಿಸಬಹುದಾದದ್ದನ್ನು ತಪ್ಪಿಸುವುದರಲ್ಲೇ ಅಹಿಂಸೆಯಿದೆ ಎಂಬುದು ಅವನ ಮಾತಿನ ಧ್ವನಿ.

ಈ ವಾದಗಳೆಲ್ಲ ಒರೆಗೆ ಹತ್ತಿದ್ದು ಒಂದು ರೋಗದ ಸಂದರ್ಭದಲ್ಲಿ. ನಾರುಹುಣ್ಣು ಉತ್ತರ ಕರ್ನಾಟಕದ ಒಣ ಜಿಲ್ಲೆಗಳನ್ನು ತಲೆಮಾರುಗಳ ಕಾಲ ಕಾಡಿತು. ಕಾಲಿನ ಹುಣ್ಣಿನಿಂದ ಒಂದು ಮೀಟರಿನಷ್ಟು ಉದ್ದದ ಹುಳ ದಿನಕ್ಕಿಷ್ಟು ಎಂದು ಹೊರಬರುತ್ತದೆ. ಉರಿ ತಾಳದೆ ರೋಗಿ ಮೆಟ್ಟಿಲು ಬಾವಿಗಿಳಿದು ಕಾಲು ನೀರಿನಲ್ಲಿಟ್ಟಾಗ ಹುಳ ಲಕ್ಷಾಂತರ ಮರಿಗಳನ್ನು ಚೆಲ್ಲುತ್ತದೆ. ಮರಿಗಳನ್ನು ಸೈಕ್ಲಾಪ್ಸ್ ನುಂಗುತ್ತದೆ, ಅದರೊಳಗೆ ಎರಡು ವಾರದಲ್ಲಿ ಅವು ಬಲಿಯುತ್ತವೆ. ಆ ಸೈಕ್ಲಾಪ್ಸ್ ಇರುವ ನೀರು ಕುಡಿದವನಿಗೆ ಸುಮಾರು ಒಂದು ವರ್ಷದ ನಂತರ ಹುಣ್ಣು. ಸೈಕ್ಲಾಪ್ಸಿನ ಪಾತ್ರವನ್ನು 1870ರಲ್ಲಿ ತುರ್ಕಿಸ್ತಾನದಲ್ಲಿ ಕಂಡುಹಿಡಿದವನು ರಷ್ಯದ ಅಲೆಕ್ಸಿ ಫೆಡ್‌ಚೆಂಕೊ. ಭಾರತ 1983–84ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಮೆಟ್ಟಿಲು ಬಾವಿಗಳನ್ನು ಸೇದುಬಾವಿ ಮಾಡಿದರು, ಬೋರ್‌ವೆಲ್ ಕೊರೆದರು, ಸೈಕ್ಲಾಪ್ಸ್ ಕೊಲ್ಲಲು ಟೆಮೆಫಾಸ್ ಹಾಕಿದರು, ಮನೆಮನೆಗೆ ನೀರು ಸೋಸುವ ಬಟ್ಟೆ ಹಂಚಿದರು. ದೇಶದ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಪ್ರಮಾಣೀಕರಿಸಿತು.

ಇಲ್ಲಿ ಅರಿವೆ ಎರಡು ಜೀವಗಳನ್ನೂ ಉಳಿಸಿತು. ಸೈಕ್ಲಾಪ್ಸನ್ನು ಕಾಪಾಡಲು ಸೋಸಿದ ಮನೆಯವರು ತಮ್ಮ ಕಾಲುಗಳನ್ನೂ ಕಾಪಾಡಿಕೊಂಡರು. ಟೆಮೆಫಾಸ್ ಉಳಿಸಿದ್ದು ಮನುಷ್ಯನನ್ನು ಮಾತ್ರ. ಆದರೆ ಸೋಸಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವ ನಿಯಮ ರೋಗ ಹೊತ್ತ ಸೈಕ್ಲಾಪ್ಸನ್ನೂ ಮರಳಿ ಬಿಡುತ್ತದೆ. ಆ ಬಾವಿಯಿಂದ ಸೋಸದೆ ಕುಡಿಯುವ ನೆರೆಯವನ ಗತಿ? ಜೈನ ಶಾಸ್ತ್ರ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿ, ಗೃಹಸ್ಥನಿಗೆ ಬೇಕೆಂದೇ ಮಾಡುವ ಮೊದಲನೆಯದನ್ನು ಪೂರ್ತಿ ನಿಷೇಧಿಸಿ, ಉಳಿದವುಗಳಲ್ಲಿ ಮಿತಿಯನ್ನಷ್ಟೇ ವಿಧಿಸುತ್ತದೆ. ಊರನ್ನು ಕಾಯಲು ಬಾವಿಗೆ ಔಷಧ ಹಾಕುವುದು ಈ ವಿಂಗಡಣೆಯಲ್ಲಿ ರಕ್ಷಣೆಗಾಗಿ ಮಾಡುವ ವಿರೋಧಿ ಹಿಂಸೆಗೆ ಹತ್ತಿರ. ನಾರುಹುಳವೂ ಒಂದು ಜೀವವೇ. 2023ರಲ್ಲಿ ಇಡೀ ಜಗತ್ತಿನಲ್ಲಿ ವರದಿಯಾದ ಮಾನವ ಪ್ರಕರಣಗಳು 14. ಅದು ಪೂರ್ತಿ ಅಳಿದರೆ ಅಳುವವರು ಇರಲಾರರು, ಇರಬೇಕಾಗಿಯೂ ಇಲ್ಲ. ಎಲ್ಲ ಜೀವವೂ ಸಮಾನ ಎಂಬ ಸೂತ್ರವನ್ನು ನೀರಿನ ಮಟ್ಟದಲ್ಲಿ ಅಕ್ಷರಶಃ ನಡೆಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಕಾಲರಾದ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಕಾಲರಾ ಬ್ಯಾಕ್ಟೀರಿಯ ಕೋಪಿಪಾಡ್‌ಗಳ ಮೈಗೆ ಅಂಟಿಕೊಂಡಿರುತ್ತದೆ ಎಂದು ತೋರಿಸಿದ ರೀಟಾ ಕೋಲ್ವೆಲ್ ಮತ್ತು ಅನ್ವರ್ ಹಕ್ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಕೆ ಹಾಕಿ ನೀರು ಸೋಸುವಂತೆ ಮಾಡಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ ಶೇ. 48ರಷ್ಟು ಇಳಿಯಿತು. ಬಿಡಿ ಬ್ಯಾಕ್ಟೀರಿಯವನ್ನು ಸೀರೆ ತಡೆಯದು. ಅದು ಕೂತ ಸವಾರಿಯನ್ನು ತಡೆಯುತ್ತದೆ.

ಇನ್ನು ಜೀವ ಎಂದರೆ ಯಾವುದು ಎಂಬ ಪ್ರಶ್ನೆ. ಗಂಡಿಲ್ಲದೆ ಹುಟ್ಟಿದ ನೀರುಚಿಗಟಗಳೆಲ್ಲ ಆನುವಂಶಿಕವಾಗಿ ತಾಯಿಯ ಪಡಿಯಚ್ಚು. ಕೃಷಿಹೊಂಡವೊಂದರ ಸಾವಿರಾರು ನೀರುಚಿಗಟಗಳು ಒಂದೇ ಹೆಣ್ಣಿನ ಸಂತತಿಯಾಗಿರಬಹುದು. ಅಲ್ಲಿರುವುದು ಸಾವಿರ ಜೀವವೇ, ಸಾವಿರ ಮೈಯ ಒಂದು ಜೀವವೇ? ಜೈನರ ಉತ್ತರ ನಿಸ್ಸಂದಿಗ್ಧ: ಮೈ ಎಷ್ಟೋ ಜೀವ ಅಷ್ಟು, ಹೋಲಿಕೆ ಮುಖ್ಯವಲ್ಲ. ಅದ್ವೈತಿ ಆ ಎಣಿಕೆಯನ್ನೇ ವ್ಯವಹಾರಕ್ಕೆ ಸೀಮಿತಗೊಳಿಸಿಯಾನು. ಒಂದೊಂದು ಮೈಗೂ ಅದರದೇ ಅನುಭವವಿದೆ ಎಂಬುದನ್ನು ಮಾತ್ರ ತಳ್ಳಿಹಾಕುವುದು ಕಷ್ಟ. ನೀರುಚಿಗಟಕ್ಕೆ ಒಂದು ಸಂಯುಕ್ತ ಕಣ್ಣಿದೆ, ಚಿಕ್ಕ ಮಿದುಳಿದೆ, ಪಾರದರ್ಶಕ ಬೆನ್ನಿನೊಳಗೆ ಬಡಿಯುವ ಹೃದಯವಿದೆ. ತನ್ನನ್ನು ತಿನ್ನುವ ಪ್ರಾಣಿಯ ವಾಸನೆ ನೀರಿನಲ್ಲಿ ಸಿಕ್ಕರೆ ಕೆಲವು ಜಾತಿಗಳು ತಲೆಯ ಮೇಲೆ ಮುಳ್ಳು, ಶಿರಸ್ತ್ರಾಣ ಬೆಳೆಸಿಕೊಳ್ಳುತ್ತವೆ. ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುವ ಜೈನರ ಗಣನೆಯಲ್ಲಿ ಇದನ್ನು ಚತುರಿಂದ್ರಿಯಕ್ಕೆ, ಅಂದರೆ ನಾಲ್ಕು ಇಂದ್ರಿಯಗಳ ಸಾಲಿಗೆ, ಏರಿಸಲು ಅಡ್ಡಿಯಿಲ್ಲ. ನೋವು ಅದಕ್ಕೆ ನೋವಾಗಿ ತಿಳಿಯುತ್ತದೆಯೇ ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ.

ಒಣಹೂಳಿನ ಮೊಟ್ಟೆ ಜೀವವೇ ಎಂಬುದು ಇನ್ನೂ ಸಿಕ್ಕಿನದು. ಉಸಿರಾಟ ನಿಂತಷ್ಟೇ ಮಂದವಾಗಿರುತ್ತದೆ, ಚಲನೆಯಿಲ್ಲ. ಜೈನ ಆಗಮಗಳಲ್ಲಿ ಇದಕ್ಕೆ ಹತ್ತಿರದ ಚರ್ಚೆ ಕಾಳಿನ ವಿಷಯದಲ್ಲಿ ನಡೆದಿದೆ. ಕೂಡಿಟ್ಟ ಅಕ್ಕಿ, ಗೋಧಿಯಂಥ ಧಾನ್ಯದ ಮೊಳೆಯುವ ಶಕ್ತಿ ಹೆಚ್ಚೆಂದರೆ 3 ವರ್ಷ, ಬೇಳೆಕಾಳುಗಳದ್ದು 5 ವರ್ಷ, ಅಗಸೆ–ಕುಸುಬೆಗಳದ್ದು 7 ವರ್ಷ ಎಂದು ಭಗವತೀ ಸೂತ್ರ ಅವಧಿ ಹೇಳುತ್ತದೆ. ಅಲ್ಲಿಯವರೆಗೆ ಕಾಳು ನಿರ್ಜೀವವಲ್ಲ. ಕುಸುಬೆ ಬೆಳೆಯುವ ಈ ಸೀಮೆಯ ರೈತನಿಗೆ ಈ ತರ್ಕ ಹೊಸದಲ್ಲ, ಬಿತ್ತನೆಕಾಳು ಸತ್ತದ್ದಲ್ಲವೆಂದು ಅವನಿಗೆ ಗೊತ್ತು. ಅದೇ ಅಳತೆಗೋಲಿನಿಂದ ಬತ್ತಿದ ಕೆರೆಯ ತಳವೂ ನಿರ್ಜೀವವಲ್ಲ.

ಹೀಗೆ ನೋಡಿದಾಗ ಕುಡಿಯುವ ತಂಬಿಗೆಯಲ್ಲಿ ಆಗುವ ಹಿಂಸೆ ಇಂದು ಅತಿ ಚಿಕ್ಕದು. ನಲ್ಲಿಯ ನೀರಿನಲ್ಲಿ ಸೋಸಲು ಉಳಿದಿರುವುದೂ ಕಡಿಮೆ. ದೊಡ್ಡ ಹಿಂಸೆ ಬೇರೆ ಕಡೆ ನಡೆಯುತ್ತಿದೆ. ದ್ರಾಕ್ಷಿ, ಲಿಂಬೆ, ಹತ್ತಿಗೆ ಹೊಡೆಯುವ ಕೀಟನಾಶಕ ಮಳೆಯಲ್ಲಿ ಕೊಚ್ಚಿ ಹೊಂಡ ಸೇರಿದರೆ ಮೊದಲು ಸಾಯುವವುಗಳಲ್ಲಿ ನೀರುಚಿಗಟ ಒಂದು. ರಾಸಾಯನಿಕಗಳ ವಿಷವನ್ನು ಅಳೆಯಲು ಜಗತ್ತಿನಾದ್ಯಂತ ಅದನ್ನೇ 48 ಗಂಟೆ ಪರೀಕ್ಷೆಗೆ ಒಡ್ಡುವುದು ಇದೇ ಕಾರಣಕ್ಕೆ. ನೀರುಚಿಗಟ ಹೋದರೆ ಪಾಚಿ ತಿನ್ನುವವರಿಲ್ಲ, ನೀರು ಹಸಿರುಗಟ್ಟುತ್ತದೆ. ಪಟ್ಟಣದ ಚರಂಡಿ ಸೇರಿದ ಕೆರೆಯಲ್ಲಿ ಕೊಳೆ ತಾಳುವ ಒಂದೆರಡು ಜಾತಿಗಳೇ ತುಂಬಿಕೊಳ್ಳುತ್ತವೆ. ಅಲ್ಲಿ ಜೀವಗಳ ಸಂಖ್ಯೆ ಇಳಿಯದೆ ಏರಲೂಬಹುದು. ಎಣಿಕೆಯ ಅಹಿಂಸೆಗೆ ಅದರಲ್ಲಿ ತಪ್ಪೇ ಕಾಣದು, ಕೆರೆ ಮಾತ್ರ ಹಾಳಾಗಿರುತ್ತದೆ. ಇಂಡಿ ಶಾಖಾ ಕಾಲುವೆ ಮತ್ತು ಏತ ನೀರಾವರಿಗಳ ಮೂಲಕ ಕೃಷ್ಣೆಯ ನೀರು ಭೀಮೆಯ ಕಡೆಯ ಹೊಲ–ಕೆರೆಗಳಿಗೆ ಹರಿಯುತ್ತಿದೆ. ಬರದ ನಾಡಿಗೆ ಅದು ಬೇಕಾದದ್ದೇ, ಆದರೆ ಒಂದು ನೀರಿನ ಜೀವವನ್ನು ಇನ್ನೊಂದಕ್ಕೆ ಬೆರೆಸಬಾರದೆಂಬ ಹಳೆಯ ಎಚ್ಚರ ಅಲ್ಲಿ ಪಾಲಿಸಲಾಗದು.

ಪಾಲಿಸಬಹುದಾದ ಒಂದು ಕೆಲಸ ಉಳಿದಿದೆ. ಬೇಸಗೆಯಲ್ಲಿ ಕೆರೆಗಳ ಹೂಳು ತೆಗೆದು ಹೊಲಕ್ಕೆ ಹೇರುತ್ತಾರೆ. ಹೊಲಕ್ಕೂ ಒಳ್ಳೆಯದು, ನೀರು ನಿಲ್ಲುವುದಕ್ಕೂ ಒಳ್ಳೆಯದು. ಆದರೆ ಸುಪ್ತ ಮೊಟ್ಟೆಗಳಲ್ಲಿ ಮರಿಯಾಗಬಲ್ಲವು ಹೆಚ್ಚಾಗಿ ಇರುವುದು ಹೂಳಿನ ಮೇಲಿನ ಕೆಲವು ಸೆಂಟಿಮೀಟರುಗಳಲ್ಲಿ, ಜೆಸಿಬಿ ಮೊದಲು ಕೆರೆದೊಯ್ಯುವುದೂ ಅದನ್ನೇ. ನೀರುಹಕ್ಕಿಗಳ ಕಾಲು–ಗರಿಗಳಿಗೆ ಅಂಟಿ, ಕಾಲುವೆಯ ನೀರಿನಲ್ಲಿ ತೇಲಿ ಬೇರೆ ಮೊಟ್ಟೆಗಳು ಬಂದು ಸೇರಿಯಾವು, ಆ ಕೆರೆಯದೇ ಆದ ಸಂತತಿ ಬರುವುದಿಲ್ಲ. ಹೂಳೆತ್ತುವ ಊರಿನವರು, ಪಂಚಾಯಿತಿಯವರು, ಗುತ್ತಿಗೆದಾರರು ಕೆರೆಯ ಒಂದು ಮೂಲೆಯ ಮೇಲ್ಮಣ್ಣನ್ನು ಮುಟ್ಟದೆ ಬಿಡಲಿ, ಇಲ್ಲವೇ ಕೆರೆದ ಮೇಲ್ಪದರದ ಒಂದೆರಡು ಟ್ರ್ಯಾಕ್ಟರ್ ಮಣ್ಣನ್ನು ಕೆಲಸ ಮುಗಿದ ಮೇಲೆ ಅದೇ ಕೆರೆಯ ತಳಕ್ಕೆ ಮರಳಿ ಹರಡಲಿ.